ನಮ್ಮ ದೇಶದಲ್ಲೇ ತಯಾರಾದ, ತಾಳಿಕೆ ಬರುವ ಕೆಲಸದ ಬೂಟು: ಸದಸ್ಯರ ಪ್ರಶ್ನೆಗಳು, ಪಾದರಕ್ಷೆ ತಂತ್ರಜ್ಞರ ಉತ್ತರಗಳು

ಕೆಲಸದ ಬೂಟುಗಳ ಬಗ್ಗೆ ಗುಂಪಿನಲ್ಲಿ ಪದೇ ಪದೇ ಪ್ರಶ್ನೆಗಳು ಬರುತ್ತಿರುವುದರಿಂದ, ತಮಿಳುನಾಡಿನ ರಾಣಿಪೇಟೆಯ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ದುಡಿದು, ಈಗ ಹುಬ್ಬಳ್ಳಿಯಲ್ಲಿ ಬೂಟುಗಳ ಮಾರಾಟ ಮತ್ತು ದುರಸ್ತಿ ನಡೆಸುತ್ತಿರುವ ನಮ್ಮ ಸದಸ್ಯರೊಬ್ಬರನ್ನು ಉತ್ತರಿಸುವಂತೆ ಕೇಳಿಕೊಂಡಿದ್ದೆವು.

ಪ್ರಶ್ನೆ (ವೆಲ್ಡರ್, ತಾರಿಹಾಳ ಕೈಗಾರಿಕಾ ಪ್ರದೇಶ): ನಮ್ಮ ತಂದೆಯವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಬೂಟಿನ ಅಟ್ಟೆ ಸವೆದಾಗ ಹೊಸ ಅಟ್ಟೆ ಹಾಕಿಸಿಕೊಂಡು ಅದನ್ನೇ ಮತ್ತೆ ವರ್ಷಗಟ್ಟಲೆ ತೊಡುತ್ತಿದ್ದರು. ನನ್ನ ಬೂಟಿನ ಸೋಲ್ ಒಂದು ಮಳೆಗಾಲ ದಾಟುವುದರೊಳಗೆ ಬಿರುಕು ಬಿಡುತ್ತದೆ. ಪೆಟ್ಟಿಗೆಯ ಮೇಲೆ ಪರಿಚಿತ ಹೆಸರಿದ್ದರೂ ಅದು ಎಲ್ಲಿ ತಯಾರಾಯಿತೆಂಬುದು ಗೊತ್ತಾಗುವುದಿಲ್ಲ. ತಯಾರಿಕೆಯೆಲ್ಲ ಚೀನಾ, ವಿಯೆಟ್ನಾಂ ಕಡೆಗೆ ಹೋಗಿದೆ ಎನ್ನುತ್ತಾರೆ. ನಮ್ಮ ದೇಶದ ಗಟ್ಟಿ ಬೂಟು ಈಗಲೂ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ, ಆದರೆ ಎಲ್ಲಿ ತಯಾರಾಯಿತು ಎಂಬುದನ್ನೂ ಎಷ್ಟು ದಿನ ಬಾಳುತ್ತದೆ ಎಂಬುದನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ದೇಶದೊಳಗೇ ತಯಾರಾದ ಕಳಪೆ ಬೂಟುಗಳು ಮಾರುಕಟ್ಟೆಯಲ್ಲಿ ಸಾಕಷ್ಟಿವೆ.

ಮೊದಲು ತಯಾರಿಕೆಯ ವಿಷಯ. ಕ್ರೀಡಾ ಶೂಗಳಲ್ಲಿ ಹೊರದೇಶದ ಸರಕು ಹೆಚ್ಚಿದ್ದರೂ, ಚರ್ಮದ ಕೆಲಸದ ಬೂಟು ಇಂದಿಗೂ ಕಾನ್ಪುರ ಮತ್ತು ಉನ್ನಾವ್, ಆಗ್ರಾ, ಕೋಲ್ಕತ್ತ, ತಮಿಳುನಾಡಿನ ಆಂಬೂರು, ವಾಣಿಯಂಬಾಡಿ ಮತ್ತು ರಾಣಿಪೇಟೆಗಳಲ್ಲಿ ತಯಾರಾಗುತ್ತಿದೆ. ಸೈನ್ಯಕ್ಕೆ ಬೂಟು ಒದಗಿಸುವ ಕಾನ್ಪುರದ ಉದ್ಯಮ ಬ್ರಿಟಿಷರ ಕಾಲದ್ದು. ಹೊರಗಿನಿಂದ ಬರುತ್ತಿರುವುದರಲ್ಲಿ ಬಿಡಿಭಾಗಗಳ ಪಾಲು ದೊಡ್ಡದು: ಅಸ್ತರಿನ ಬಟ್ಟೆ, ಸೋಲಿನ ರಾಸಾಯನಿಕ, ಲೋಹದ ಕೊಂಡಿ ಇಂಥವು. ಆದ್ದರಿಂದ ಸಂಪೂರ್ಣ ಸ್ವದೇಶಿ ಬೂಟನ್ನು ಹುಡುಕುವುದಕ್ಕಿಂತ, ಚರ್ಮ ಕತ್ತರಿಸಿ, ಹೊಲಿದು, ಸೋಲ್ ಕೂಡಿಸಿದ್ದು ಯಾವ ಊರಿನಲ್ಲಿ ಎಂದು ಕೇಳುವುದು ಹೆಚ್ಚು ಪ್ರಯೋಜನಕಾರಿ.

ಅದನ್ನು ತಿಳಿಯಲು ಪೆಟ್ಟಿಗೆಯ ಬದಿಯ ಚೀಟಿಯನ್ನು ಓದಬೇಕು. ಅಲ್ಲಿ ತಯಾರಕರು, ಮಾರಾಟಗಾರರು, ಆಮದುದಾರರು ಎಂಬ ಮೂರು ಬೇರೆ ಬೇರೆ ಪದಗಳು ಬರಬಹುದು. ಮಾರಾಟ ಮಾಡುವವರ ವಿಳಾಸ ದೆಹಲಿಯದೋ ಮುಂಬೈಯದೋ ಆಗಿದ್ದ ಮಾತ್ರಕ್ಕೆ ಬೂಟು ಅಲ್ಲಿ ತಯಾರಾಯಿತೆಂದು ಅರ್ಥವಲ್ಲ. 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಆಮದಾದ ಸರಕಿನ ಮೇಲೆ ಮೂಲ ದೇಶದ ಹೆಸರಿರಬೇಕು. ಇದರ ಜೊತೆಗೆ, ಸುರಕ್ಷತಾ ಪಾದರಕ್ಷೆಗಳಿಗೆ ಸಂಬಂಧಿಸಿ 2020ರಲ್ಲಿ ಹೊರಡಿಸಿದ ಗುಣಮಟ್ಟ ನಿಯಂತ್ರಣ ಆದೇಶದಿಂದಾಗಿ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯಿರುತ್ತದೆ. ಈ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮೊಬೈಲ್ ಆ್ಯಪ್ ಆದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ, ಪರವಾನಗಿ ಪಡೆದ ಸಂಸ್ಥೆಯ ಹೆಸರು, ವಿಳಾಸ ಮತ್ತು ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದು ಕಾಣಿಸುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಹೊರದೇಶದ ಕಾರ್ಖಾನೆಗಳೂ ನಮ್ಮ ಬಿಐಎಸ್‌ನಿಂದ ಪರವಾನಗಿ ಪಡೆಯಬಹುದಾದ್ದರಿಂದ, ಐಎಸ್‌ಐ ಗುರುತು ಗುಣಮಟ್ಟದ ಪ್ರಮಾಣವೇ ಹೊರತು ಸ್ವದೇಶಿ ಎಂಬುದಕ್ಕೆ ಪ್ರಮಾಣವಲ್ಲ. ವಿಳಾಸವನ್ನು ಓದಿಯೇ ನಿರ್ಧರಿಸಬೇಕು.

ಹೆಸರು ಹೇಳಬೇಕೆಂದರೆ ಬಾಟಾ ಇಂಡಸ್ಟ್ರಿಯಲ್ಸ್, ಹರಿಯಾಣದ ಲಿಬರ್ಟಿಯವರ ವಾರಿಯರ್, ಕಾನ್ಪುರ ಭಾಗದ ಅಲೆನ್ ಕೂಪರ್, ಕೋಲ್ಕತ್ತದ ಮಾಲ್‌ಕಾಮ್ ಇವೆಲ್ಲ ಬಹುಕಾಲದಿಂದ ಈ ಕ್ಷೇತ್ರದಲ್ಲಿರುವ ಭಾರತೀಯ ತಯಾರಿಕೆಗಳು. ಆದರೆ ಒಂದೇ ಹೆಸರಿನ ಅಡಿಯಲ್ಲಿ ಅಗ್ಗದ ಶ್ರೇಣಿಯೂ ಇರುತ್ತದೆ, ಉತ್ತಮ ಶ್ರೇಣಿಯೂ ಇರುತ್ತದೆ. ಆದಕಾರಣ ಹೆಸರನ್ನು ನಂಬಿ ಹಣ ಕೊಡದೆ, ಕೈಯಲ್ಲಿ ಹಿಡಿದ ಬೂಟನ್ನೇ ಪರೀಕ್ಷಿಸಿರಿ.

ಪ್ರಶ್ನೆ (ಅದೇ ಸದಸ್ಯರು): ಹಾಗಾದರೆ ಸೋಲ್ ಬಿರುಕು ಬಿಡುವುದೇಕೆ? ಅಂಗಡಿಯಲ್ಲಿಯೇ ಅದನ್ನು ಪತ್ತೆ ಹಚ್ಚುವ ದಾರಿ ಇದೆಯೇ?

ಉತ್ತರ: ಇಂದಿನ ಬಹುಪಾಲು ಕೆಲಸದ ಬೂಟುಗಳ ಸೋಲ್ ಪಾಲಿಯುರೆಥೇನಿನದು. ಎರಡು ದ್ರವಗಳನ್ನು ಅಚ್ಚಿನೊಳಗೆ ಬೆರೆಸಿ ಸುರಿದಾಗ ಅದು ನೊರೆಯಂತೆ ಉಬ್ಬಿ, ಬೂಟಿನ ಮೇಲ್ಭಾಗಕ್ಕೆ ನೇರವಾಗಿ ಅಂಟಿಕೊಂಡು ಗಟ್ಟಿಯಾಗುತ್ತದೆ. ಹಗುರ, ಮೆತ್ತಗೆ, ತಯಾರಿಕೆ ಬೇಗ. ಆದರೆ ಇದರಲ್ಲಿ ಹೆಚ್ಚಾಗಿ ಬಳಕೆಯಾಗುವ ಪಾಲಿಯೆಸ್ಟರ್ ಜಾತಿಯ ರಾಸಾಯನಿಕವು ಗಾಳಿಯಲ್ಲಿನ ತೇವಾಂಶದೊಂದಿಗೆ ನಿಧಾನವಾಗಿ ವರ್ತಿಸಿ, ಒಳಗಿನಿಂದಲೇ ಶಿಥಿಲವಾಗುತ್ತ ಹೋಗುತ್ತದೆ. ತೊಟ್ಟರೂ ಹೀಗಾಗುತ್ತದೆ, ತೊಡದೆ ಪೆಟ್ಟಿಗೆಯಲ್ಲಿಟ್ಟರೂ ಹೀಗಾಗುತ್ತದೆ. ಗೋದಾಮಿನಲ್ಲಿ ಎರಡು ಮೂರು ಮಳೆಗಾಲ ಕಳೆದ ಬೂಟನ್ನು ನೀವು ಹೊಸದೆಂದು ಕೊಂಡರೆ, ಅದರ ಆಯುಷ್ಯದ ಒಂದು ಪಾಲು ಆಗಲೇ ಮುಗಿದಿರುತ್ತದೆ. ಆದ್ದರಿಂದ ರಿಯಾಯಿತಿಯ ಬೂಟು ಕೊಳ್ಳುವಾಗ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ತಪ್ಪದೆ ನೋಡಿರಿ. ಹಿಮ್ಮಡಿಯ ಬದಿಗೆ ಹೆಬ್ಬೆರಳ ಉಗುರನ್ನು ಒತ್ತಿ ಹಿಡಿದು ಬಿಟ್ಟಾಗ ಗುರುತು ಹಾಗೆಯೇ ಉಳಿದರೆ ಅಥವಾ ಮೇಲ್ಮೈ ಪುಡಿಯಾದರೆ, ಆ ಜೋಡಿಯನ್ನು ಅಲ್ಲಿಯೇ ಬಿಟ್ಟು ಬನ್ನಿರಿ.

ವೆಲ್ಡರ್ ಆಗಿರುವ ನಿಮಗೆ ಪಾಲಿಯುರೆಥೇನ್ ಸೋಲ್ ಸರಿಯಾದ ಆಯ್ಕೆಯೇ ಅಲ್ಲ. ಕಿಡಿ ಮತ್ತು ಬಿಸಿ ಲೋಹದ ಚೂರುಗಳು ಅದನ್ನು ಕರಗಿಸಿ ಸಣ್ಣ ಗುಂಡಿಗಳನ್ನು ಮಾಡುತ್ತವೆ, ಬಿರುಕುಗಳು ಆ ಗುಂಡಿಗಳಿಂದಲೇ ಹರಡುತ್ತವೆ. ನೈಟ್ರೈಲ್ ರಬ್ಬರಿನ ಹೊರ ಸೋಲಿರುವ, ಎಚ್‌ಆರ್‌ಒ ಎಂಬ ಗುರುತಿರುವ ಬೂಟನ್ನು ಕೇಳಿ ಪಡೆಯಿರಿ. 300 ಡಿಗ್ರಿ ಸೆಲ್ಸಿಯಸ್ ಬಿಸಿಯ ಲೋಹಕ್ಕೆ ಒಂದು ನಿಮಿಷ ತಾಗಿಸಿದರೂ ಸೋಲ್ ಕರಗಬಾರದು, ಬಿರಿಯಬಾರದು ಎಂಬುದು ಆ ಗುರುತಿನ ಹಿಂದಿರುವ ಪರೀಕ್ಷೆ. ಲೇಸಿನ ಮೇಲೆ ಚರ್ಮದ ಮುಚ್ಚಳವಿರುವ ಮಾದರಿಯಾದರೆ ಕಿಡಿ ಒಳಗೆ ಬೀಳುವುದೂ ತಪ್ಪುತ್ತದೆ.

ಮೇಲ್ಭಾಗದ ಚರ್ಮದ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಕೆಲಸದ ಬೂಟುಗಳಿಗೆ ಹೆಚ್ಚಾಗಿ ಎಮ್ಮೆಯ ಚರ್ಮವನ್ನೇ ಬಳಸುತ್ತಾರೆ, ಅದು ದಪ್ಪವೂ ಹೌದು, ಗಟ್ಟಿಯೂ ಹೌದು. ಚರ್ಮವನ್ನು ಪದರವಾಗಿ ಸೀಳಿದಾಗ ಸಿಗುವ ಕೆಳಗಿನ ಪದರಕ್ಕೆ ಪ್ಲಾಸ್ಟಿಕ್ ಲೇಪ ಕೊಟ್ಟು, ಮೇಲೆ ಚರ್ಮದ ಸಹಜ ಮೇಲ್ಮೈಯಂಥ ಅಚ್ಚೊತ್ತಿದರೆ ನೋಡಲು ಅದೂ ಮೇಲ್ಪದರದ ಚರ್ಮದಂತೆಯೇ ಕಾಣುತ್ತದೆ. ಬೆರಳು ಮಡಚುವ ಜಾಗದಲ್ಲಿ ಬೂಟನ್ನು ಬಾಗಿಸಿ ನೋಡಿರಿ. ಮೇಲ್ಪದರದ ಚರ್ಮದಲ್ಲಿ ನವಿರಾದ ಸಣ್ಣ ಸುಕ್ಕುಗಳು ಮೂಡಿ, ಬಿಟ್ಟ ಕೂಡಲೇ ಮಾಯವಾಗುತ್ತವೆ. ಲೇಪದ ಚರ್ಮದಲ್ಲಿ ಒಂದೆರಡು ದೊಡ್ಡ ಮಡಿಕೆಗಳು ಬಿದ್ದು ಉಳಿಯುತ್ತವೆ, ಮುಂದೆ ಲೇಪ ಸುಲಿಯುವುದು ಆ ಗೆರೆಯಲ್ಲೇ.

ಮಳೆಯಲ್ಲಿ ನೆನೆದ ಬೂಟನ್ನು ಒಲೆಯ ಹತ್ತಿರವಾಗಲೀ ಬಿಸಿಲಿನಲ್ಲಾಗಲೀ ಇಡಬಾರದು. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿರಿ. ಸಾಧ್ಯವಿದ್ದವರು ಎರಡು ಜೋಡಿ ಇಟ್ಟುಕೊಂಡು ದಿನ ಬಿಟ್ಟು ದಿನ ತೊಟ್ಟರೆ, ಒಳಗಿನ ಬೆವರು ಪೂರ್ತಿ ಆರಿ, ಎರಡೂ ಹೆಚ್ಚು ಕಾಲ ಬರುತ್ತವೆ.

ಪ್ರಶ್ನೆ (ರೈತರು, ಗದಗ ಜಿಲ್ಲೆ): ನಮ್ಮದು ಎರೆ ಹೊಲ. ಮಳೆಯಾದ ಮೇಲೆ ಬೂಟಿಗೆ ಮಣ್ಣು ಮೆತ್ತಿಕೊಂಡು ಹೆಜ್ಜೆ ಎತ್ತುವುದೇ ಕಷ್ಟವಾಗುತ್ತದೆ. ಕಾರ್ಖಾನೆಯ ಸೇಫ್ಟಿ ಶೂ ನಮಗೆ ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ಬೆರಳುಗಳ ರಕ್ಷಣೆಗೆಂದು ಬೂಟಿನ ಮುಂಭಾಗದೊಳಗೆ ಕೂಡಿಸುವ ಉಕ್ಕಿನ ಟೋಪಿಯ ಭಾರ ನಿಮಗೆ ಬೇಕಾಗಿಲ್ಲ, ಆ ಸೋಲಿನ ಒತ್ತೊತ್ತಾದ ಕಚ್ಚುಗಳಲ್ಲಿ ಎರೆಮಣ್ಣು ಸಿಕ್ಕಿಕೊಂಡರೆ ಬಿಡುವುದೂ ಇಲ್ಲ. ಹಸಿ ಹೊಲಕ್ಕೆ ಮೊಳಕಾಲಿನ ಹತ್ತಿರದವರೆಗೆ ಬರುವ, ಕಚ್ಚುಗಳ ನಡುವೆ ಅಗಲವಾದ ಅಂತರವಿರುವ ಗಮ್‌ಬೂಟು ಉತ್ತಮ. ಪಿವಿಸಿ ಗಮ್‌ಬೂಟಿಗೆ ಐಎಸ್ 12254 ಎಂಬ ಪ್ರತ್ಯೇಕ ಮಾನಕವಿದೆ, ದೇಶದೊಳಗೆ ತಯಾರಾದವು ಕೈಗೆಟಕುವ ಬೆಲೆಗೆ ಸಿಗುತ್ತವೆ. ಮುಂಗಾರಿನಲ್ಲಿ ಹಾವಿನ ಭಯವಿರುವ ಹೊಲಗಳಲ್ಲಿ ಎತ್ತರದ ಬೂಟು ಕಾಲಿಗೆ ರಕ್ಷಣೆಯನ್ನೂ ಕೊಡುತ್ತದೆ. ಒಣ ಹಂಗಾಮಿಗೆ ಚರ್ಮದ ಬೂಟನ್ನೇ ತೊಡಿರಿ, ಗಮ್‌ಬೂಟಿನಲ್ಲಿ ಬೆವರು ಆರುವುದಿಲ್ಲ.

ಪ್ರಶ್ನೆ (ಶಿಕ್ಷಕರು, ಧಾರವಾಡ): ಹಳೆಯ ಬೂಟುಗಳಂತೆ ಅಟ್ಟೆ ಬದಲಿಸಬಹುದಾದ ಬೂಟನ್ನು ನಮ್ಮ ಊರಿನ ಕುಶಲಕರ್ಮಿಗಳಿಂದಲೇ ಮಾಡಿಸಿಕೊಳ್ಳಲು ಸಾಧ್ಯವಿಲ್ಲವೇ? ಅವರಿಗೂ ಕೆಲಸ ಸಿಕ್ಕಂತಾಗುತ್ತದೆ.

ಉತ್ತರ: ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಪ್ರಶ್ನೆ ಇದು. ಹೊರದೇಶದ ಸರಕಿಗಿಂತಲೂ ಹೆಚ್ಚಾಗಿ ನಮ್ಮ ದುರಸ್ತಿಯ ಕಸುಬನ್ನು ಕಸಿದದ್ದು ಅಚ್ಚಿನಲ್ಲಿ ಅಂಟಿಸಿದ ಸೋಲು. ಅದು ಮೇಲ್ಭಾಗದೊಂದಿಗೆ ಒಂದಾಗಿ ಬೆಸೆದಿರುವುದರಿಂದ, ಸವೆದ ಮೇಲೆ ಬಿಡಿಸಲು ಬರುವುದಿಲ್ಲ. ಚರ್ಮ ಇನ್ನೂ ಗಟ್ಟಿಯಾಗಿದ್ದರೂ ಇಡೀ ಬೂಟು ತಿಪ್ಪೆಗೆ ಹೋಗುತ್ತದೆ. ಹೊಲಿದ ಬೂಟಿನ ರಚನೆ ಬೇರೆ. ವೆಲ್ಟ್ ಎಂಬ ಚರ್ಮದ ಪಟ್ಟಿಯನ್ನು ಮೊದಲು ಮೇಲ್ಭಾಗಕ್ಕೂ ಒಳ ಅಟ್ಟೆಗೂ ಸೇರಿಸಿ ಹೊಲಿಯುತ್ತಾರೆ, ಹೊರ ಅಟ್ಟೆಯನ್ನು ಆ ಪಟ್ಟಿಗೆ ಮಾತ್ರ ಹೊಲಿಯುತ್ತಾರೆ. ಅಟ್ಟೆ ಸವೆದಾಗ ಹೊರಗಿನ ಹೊಲಿಗೆಯೊಂದನ್ನೇ ಬಿಚ್ಚಿ ಹೊಸ ಅಟ್ಟೆ ಕೂಡಿಸಿದರೆ ಸಾಕು, ಕಾಲಿಗೆ ಒಗ್ಗಿದ ಮೇಲ್ಭಾಗಕ್ಕೆ ಕೈ ಹಚ್ಚುವ ಪ್ರಮೇಯವೇ ಬರುವುದಿಲ್ಲ. ನಿಮ್ಮ ತಂದೆಯವರ ಬೂಟಿನ ಬಗ್ಗೆ ಮೇಲೆ ಬರೆದ ವೆಲ್ಡರ್ ಸದಸ್ಯರೇ, ಅದು ಹೀಗೆ ಹೊಲಿದದ್ದೇ ಆಗಿದ್ದಿರಬೇಕು.

ನಮ್ಮ ಭಾಗದಲ್ಲಿ ಕೈಗುಣಕ್ಕೆ ಕೊರತೆಯಿಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಾಗ, ಮಹಾರಾಷ್ಟ್ರದ ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮತ್ತು ಧಾರವಾಡ ಜಿಲ್ಲೆಗಳೂ ಅದರಲ್ಲಿ ಸೇರಿದವು. ಜಾಲಿ ತೊಗಟೆ ಮತ್ತು ಅಳಲೆಕಾಯಿಯಿಂದ ಹದ ಮಾಡಿದ ದಪ್ಪ ತೊಗಲಿಗೆ ಚರ್ಮದ ಎಳೆಯಿಂದಲೇ ಹೊಲಿಗೆ ಹಾಕಬಲ್ಲ ಕೈಗಳಿಗೆ ಬೂಟಿನ ಅಟ್ಟೆ ಹೊಲಿಯುವುದು ಅಸಾಧ್ಯವಲ್ಲ. ಕೊರತೆಯಿರುವುದು ಬೂಟಿನ ಆಕಾರದ ಮರದ ಅಚ್ಚುಗಳಿಗೆ, ಒಳ್ಳೆಯ ಮೇಲ್ಚರ್ಮಕ್ಕೆ, ಎಲ್ಲಕ್ಕಿಂತ ಮುಖ್ಯವಾಗಿ ಯೋಗ್ಯ ಬೆಲೆ ಕೊಟ್ಟು ಕಾಯುವ ಗಿರಾಕಿಗಳಿಗೆ. ಹೊಲ, ಗೋದಾಮು, ಭೂಮಾಪನ, ತಿರುಗಾಟದ ಕೆಲಸಗಳಿಗೆ ಹೀಗೆ ಮಾಡಿಸಿದ ಬೂಟು ಅತ್ಯುತ್ತಮ.

ಆದರೆ ಭಾರ ಬೀಳುವ ಜಾಗದಲ್ಲಿ ಅದನ್ನು ತೊಡಬೇಡಿರಿ. ಸುರಕ್ಷತಾ ಬೂಟಿನ ಭಾರತೀಯ ಮಾನಕವಾದ ಐಎಸ್ 15298ರ 2ನೆಯ ಭಾಗದ ಪ್ರಕಾರ ಬೂಟಿನ ಮುಂಭಾಗವು 200 ಜೂಲ್ ಹೊಡೆತವನ್ನು ತಡೆಯಬೇಕು. ಅಂದರೆ 20 ಕಿಲೋ ತೂಕದ ಉಕ್ಕು ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದರೂ ಬೆರಳುಗಳಿಗೆ ಜಾಗ ಉಳಿದಿರಬೇಕು. ಎಷ್ಟೇ ಒಳ್ಳೆಯ ಕೈಕೆಲಸವಾದರೂ, ಪ್ರಯೋಗಾಲಯದಲ್ಲಿ ಪರೀಕ್ಷೆಯಾಗದ ಬೂಟು ಆ ಭರವಸೆಯನ್ನು ಕೊಡಲಾರದು.

ಪ್ರಶ್ನೆ (ಎಂಜಿನಿಯರ್, ಹಾವೇರಿ): ಅಮೆರಿಕದಲ್ಲಿರುವ ನನ್ನ ತಮ್ಮ ಅಲ್ಲಿಯ ರೆಡ್ ವಿಂಗ್ ಬೂಟು ತರುವುದಾಗಿ ಹೇಳಿದ್ದಾನೆ. ತರಿಸಿಕೊಳ್ಳಬಹುದೇ?

ಉತ್ತರ: ಅಲ್ಲಿಯೂ ಇದೇ ಪರಿಸ್ಥಿತಿ. 1905ರಲ್ಲಿ ಮಿನ್ನೆಸೋಟಾದಲ್ಲಿ ಆರಂಭವಾದ ಆ ಕಂಪನಿಯ ಕೆಲವು ಬೂಟುಗಳು ಇಂದಿಗೂ ಅಮೆರಿಕದಲ್ಲೇ ತಯಾರಾಗುತ್ತವೆ, ಕೆಲವು ಹೊರದೇಶಗಳಲ್ಲಿ. ಇಂಗ್ಲೆಂಡಿನ ಬೂಟು ಕಂಪನಿ ಡಾಕ್ಟರ್ ಮಾರ್ಟೆನ್ಸ್ ತನ್ನ ತಯಾರಿಕೆಯನ್ನು 2003ರಲ್ಲಿ ಏಷ್ಯಾಕ್ಕೆ ಸಾಗಿಸಿತು, ನಂತರ ವೊಲ್ಲಾಸ್ಟನ್ ಊರಿನ ಕಾರ್ಖಾನೆಯಲ್ಲಿ ಸಣ್ಣ ಪ್ರಮಾಣದಲ್ಲಷ್ಟೇ ಮತ್ತೆ ಆರಂಭಿಸಿತು. ಆದ್ದರಿಂದ ನಿಮ್ಮ ತಮ್ಮನಿಗೂ ಚೀಟಿ ಓದಲು ಹೇಳಿರಿ. ತೊಟ್ಟು ನೋಡದೆ ತರಿಸುವ ಉಕ್ಕಿನ ಟೋಪಿಯ ಬೂಟು ನಮ್ಮ ಅಗಲವಾದ ಮುಂಗಾಲಿಗೆ ಬಿಗಿಯಾದರೆ ಉಪಾಯವಿಲ್ಲ, ಚರ್ಮ ಹಿಗ್ಗಿದರೂ ಉಕ್ಕು ಹಿಗ್ಗುವುದಿಲ್ಲ. ಅಲ್ಲಿಯ ಮಾನಕ ಬೇರೆಯಾದ್ದರಿಂದ ನಿಮ್ಮ ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಅದನ್ನು ಒಪ್ಪುತ್ತಾರೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಿರಿ.

ಪ್ರಶ್ನೆ (ಖರೀದಿ ವಿಭಾಗ, ಬೇಲೂರು ಕೈಗಾರಿಕಾ ಪ್ರದೇಶ, ಧಾರವಾಡ): ನಮ್ಮ ಘಟಕದ ಕಾರ್ಮಿಕರಿಗೆಲ್ಲ ಒಟ್ಟಿಗೆ ಬೂಟು ಕೊಳ್ಳಬೇಕಾಗಿದೆ. ಕಡಿಮೆ ದರ ಹೇಳಿದವರಿಗೇ ಕೊಡಬೇಕಾಗುತ್ತದೆ. ಮೋಸ ಹೋಗದಿರಲು ಏನು ಮಾಡಬೇಕು?

ಉತ್ತರ: ದರ ಕೇಳುವ ಮೊದಲೇ ಬೇಡಿಕೆಯನ್ನು ಬಿಡಿಸಿ ಬರೆಯಿರಿ. ಬರೀ ಸೇಫ್ಟಿ ಶೂ ಎಂದು ಬರೆದರೆ ಬರೀ ಅಗ್ಗದ್ದೇ ಬರುತ್ತದೆ. ಐಎಸ್ 15298ರ 2ನೆಯ ಭಾಗ, ಅಗತ್ಯವಿರುವ ವರ್ಗ, ಮೇಲ್ಪದರದ ಎಮ್ಮೆ ಚರ್ಮ, ಎರಡು ಸಾಂದ್ರತೆಯ (ಒಳಗೆ ಮೆತ್ತನೆಯ, ಹೊರಗೆ ಗಟ್ಟಿ ಪದರದ) ಸೋಲ್ ಅಥವಾ ರಬ್ಬರ್ ಸೋಲ್, ತಯಾರಾಗಿ ಆರು ತಿಂಗಳು ಮೀರಿರಬಾರದು ಎಂಬ ಷರತ್ತು, ತಯಾರಿಸಿದ ಕಾರ್ಖಾನೆಯ ವಿಳಾಸ, ಇವಿಷ್ಟು ಬೇಡಿಕೆಯಲ್ಲಿರಲಿ. ನೆಲದ ಮೇಲೆ ಮೊಳೆ, ಲೋಹದ ಚೂರು ಬೀಳುವ ಕಡೆ ಎಸ್1ಪಿ ವರ್ಗ ಬೇಕು, ಅದರ ಜೊತೆಗೆ ನೀರೂ ಇದ್ದರೆ ಎಸ್3. ಮಹಿಳಾ ಕಾರ್ಮಿಕರಿದ್ದರೆ ಪುರುಷರ ಬೂಟಿನ ಸಣ್ಣ ಅಳತೆಯನ್ನು ಕೊಡದೆ, ಮಹಿಳೆಯರ ಅಚ್ಚಿನ ಮೇಲೆ ತಯಾರಾದದ್ದನ್ನೇ ಕೇಳಿರಿ. ಹಿಮ್ಮಡಿ ಜಾರುವ ಬೂಟು ತೊಟ್ಟು ದಿನವಿಡೀ ನಿಲ್ಲುವುದು ಹಿಂಸೆ.

ಮಾದರಿಗಾಗಿ ಬಂದ ಜೋಡಿಯಲ್ಲಿ ಒಂದನ್ನು ನಿಮ್ಮ ಕಾರ್ಯಾಗಾರದ ಗರಗಸದಲ್ಲಿ ಬೆರಳಿನಿಂದ ಹಿಮ್ಮಡಿಯವರೆಗೆ ಉದ್ದಕ್ಕೆ ಸೀಳಿಸಿರಿ. ಟೋಪಿಯ ಹಿಂಬದಿಯ ಅಂಚಿನ ಮೇಲೆ ಮೆತ್ತನೆಯ ಪಟ್ಟಿಯಿದೆಯೇ ಅಥವಾ ಬರಿಯ ಉಕ್ಕು ಬೆರಳಿಗೆ ತಾಗುತ್ತದೆಯೇ ನೋಡಿರಿ. ಸೋಲಿನ ಕತ್ತರಿಸಿದ ಮುಖದಲ್ಲಿ ರಂಧ್ರಗಳು ಸಾಸಿವೆಗಿಂತ ಸಣ್ಣದಾಗಿ ಒಂದೇ ಸಮನಾಗಿರಬೇಕು. ಕಡಲೆ ಗಾತ್ರದ ಪೊಳ್ಳುಗಳು ಕಂಡರೆ ಸೋಲ್ ಒಡೆಯುವುದು ಅಲ್ಲಿಂದಲೇ. ಒಳ ಅಟ್ಟೆಯ ಒಂದು ತುಂಡನ್ನು ರಾತ್ರಿ ನೀರಿನಲ್ಲಿ ನೆನೆಸಿಡಿರಿ, ಬೆಳಿಗ್ಗೆ ಅದು ರಟ್ಟಿನಂತೆ ಪದರು ಪದರಾಗಿ ಬಿಟ್ಟುಕೊಂಡರೆ ಆ ಬೂಟು ನಮ್ಮ ಮಳೆಗಾಲಕ್ಕೆ ಬರುವುದಿಲ್ಲ. ಸೀಳಿದ ಒಂದು ಅರ್ಧದ ಮೇಲೆ ಪೂರೈಕೆದಾರರ ಸಹಿ ಪಡೆದು ನಿಮ್ಮಲ್ಲೇ ಇಟ್ಟುಕೊಳ್ಳಿರಿ, ಪೂರ್ತಿ ಸರಕು ಬಂದ ದಿನ ಅದರಿಂದಲೂ ಒಂದನ್ನು ಸೀಳಿ ಇದರ ಪಕ್ಕದಲ್ಲಿಟ್ಟು ಹೋಲಿಸಿದ ನಂತರವೇ ಹಣ ಪಾವತಿಸಿರಿ.