'ಕೊಸರು' ಅಂದರೆ ಸರಿ ಹೋಗುತ್ತಾ?

ಲೆನಿನ್‌ಗ್ರಾಡ್ ಅನ್ನೋ ರಷ್ಯಾದ ನಗರಕ್ಕೆ ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಹಾಕಿದ್ದ ಮುತ್ತಿಗೆಯ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಲ್ಲಾ ಸಲೀಸಾಗಿ ಸಾಗುತ್ತಿತ್ತು, ರಷ್ಯನ್ನಿನ 'ದೊವೆಸೊಕ್' ಅನ್ನೋ ಸಣ್ಣ ಪದವೊಂದು ಬಂದು ಅಡ್ಡ ನಿಂತಿದೆ.

ಸಂದರ್ಭ ಹೇಳುತ್ತೇನೆ. 872 ದಿನದ ಆ ಮುತ್ತಿಗೆಯಲ್ಲಿ ಪಡಿತರ ಪೂರ್ತಿ ತಳ ಕಂಡಿದ್ದು 1941ರ ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ. ಕಾರ್ಖಾನೆಯ ಕೆಲಸಗಾರರಿಗೆ ದಿನಕ್ಕೆ 250 ಗ್ರಾಂ ಬ್ರೆಡ್, ಕಚೇರಿಯವರಿಗೂ ಮಕ್ಕಳಿಗೂ ಮನೆಯಲ್ಲಿದ್ದವರಿಗೂ ಬರೀ 125. ಅದಾದರೂ ನೆಟ್ಟಗಿತ್ತಾ? ಹತ್ತಿಬೀಜದ ಹಿಂಡಿ, ಮರದ ಸೆಲ್ಯುಲೋಸ್ ಎಲ್ಲಾ ಬೆರೆಸಿದ್ದು, ಹಸಿ ಹಸಿ, ಕೈಗೆ ಭಾರ. ಅಂಗಡಿಯವಳು ಕೊಯ್ದು ತಕ್ಕಡಿಗೆ ಹಾಕಿದಾಗ ತೂಕ ಒಂಚೂರು ಕಡಿಮೆ ಬಂದರೆ ಇನ್ನೊಂದು ತುಣುಕು ಕತ್ತರಿಸಿ ಮೇಲೆ ಇಡುತ್ತಿದ್ದಳು. ಆ ತುಣುಕೇ ದೊವೆಸೊಕ್. ಚಳಿಯಲ್ಲಿ ಗಂಟೆಗಟ್ಟಲೆ ಸಾಲು ನಿಂತವರು ವಾಪಸ್ ಬರುವಾಗ ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಉಳಿದದ್ದು ಹಾಗೇ ಮನೆಗೆ.

ಮೊದಲು ಸುಮ್ನೆ 'ಕೊಸರು' ಅಂತ ಬರೆದೆ. ಆಮೇಲೆ ಕಸಿವಿಸಿ ಶುರುವಾಯಿತು. ಕೊಸರು ಅಂದರೆ ಅಳತೆ ಮುಗಿದ ಮೇಲೆ ಕೊಡೋದು, ಲೆಕ್ಕದಿಂದ ಆಚೆಯದು, ಅಲ್ವಾ? ಕೊಡುವವರ ಕೈ ಸ್ವಲ್ಪ ಧಾರಾಳ ಅನ್ನೋದೂ ಅದರಲ್ಲಿದೆ. ಇಲ್ಲಿ ಧಾರಾಳ ಎಲ್ಲಿಂದ ಬರಬೇಕು, ಆ ತುಣುಕೂ ಸೇರಿಯೇ 125. ಆದರೆ ತಿಂದವರಿಗೆ ಅದು ಕೊಸರು ಅಂತಲೇ ಅನ್ನಿಸಿರಬೇಕು. ಹಾಗೆ ಅಂದುಕೊಳ್ಳದಿದ್ದರೆ ಮನೆಯವರ ಪಾಲಿಗೆ ಕೈ ಹಾಕಿದ ಹಾಗೆ ಆಗುತ್ತಿತ್ತಲ್ಲ! 'ತೂಕದ ಚೂರು' ಅಂದರೆ ಅರ್ಥ ಸರಿ, ಆದರೆ ಈ ಸಂಕಟ ಕಾಣಲ್ಲ.

ಇನ್ನೊಂದು ತೊಡಕು 'ಮೊರಾಲ್', ಅಂದರೆ ಕಷ್ಟದಲ್ಲೂ ಜನ ಎದೆಗುಂದದೆ ಇರೋದು. ಪತ್ರಿಕೆಗಳಲ್ಲಿ 'ನೈತಿಕ ಸ್ಥೈರ್ಯ' ಅಂತ ಬರೆದುಬಿಡುತ್ತಾರೆ. ನನಗಂತೂ ಒಗ್ಗಲ್ಲ, ನೀತಿಗೂ ಇದಕ್ಕೂ ಏನು ಸಂಬಂಧ? 'ಮನೋಬಲ' ವಾಸಿ, ಆದರೆ ಅದು ಒಬ್ಬರದು ಅನ್ನಿಸುತ್ತದೆ, ಇಡೀ ಊರಿನದು ಅನ್ನಿಸಲ್ಲ. ಅಲ್ಲಿ ರೇಡಿಯೋದಲ್ಲಿ ಮಾತು, ಹಾಡು ಇಲ್ಲದ ಹೊತ್ತಲ್ಲಿ ಮೆಟ್ರೊನೋಮಿನ (ಸಂಗೀತಗಾರರು ತಾಳಕ್ಕೆ ಇಟ್ಟುಕೊಳ್ಳುವ ಯಂತ್ರ) ಸದ್ದು ಹಾಕುತ್ತಿದ್ದರು. ನಿಧಾನಕ್ಕೆ ಟಕ್... ಟಕ್ ಅಂದರೆ ಅಪಾಯ ಇಲ್ಲ, ಬಿರುಸಾದರೆ ವಿಮಾನ ದಾಳಿ. ಕತ್ತಲೆ ಮನೆಯಲ್ಲಿ ಮಲಗಿದವರಿಗೆ ಆ ಟಕ್ ಟಕ್ ಕೇಳಿದರೆ ಸಾಕು, ಊರು ಇನ್ನೂ ಇದೆ ಅಂತ. ಇದಕ್ಕೆ 'ಕೆಚ್ಚು' ಅಂದರೆ ಜಾಸ್ತಿಯಾಯಿತು, ಹೊಡೆದಾಟದ ವಾಸನೆ ಬರುತ್ತದೆ. ಸದ್ಯಕ್ಕೆ 'ಊರಿನ ಜೀವಗಟ್ಟಿ' ಅಂತ ಹಾಕಿದ್ದೇನೆ, ಪೂರ್ತಿ ಒಪ್ಪಿಗೆಯಾಗಿಲ್ಲ.

ತಕ್ಕಡಿ ಹಿಡಿಯುವವರು ತೂಕ ಸರಿ ಮಾಡಲು ಹಾಕುವ ಚೂರಿಗೆ ಬೇರೆ ಏನಾದರೂ ಅನ್ನುವುದನ್ನು ಕೇಳಿದ್ದೀರಾ? ಗ್ರಂಥದ ಪದ ಬೇಡ, ಬಾಯಲ್ಲಿ ಓಡಾಡೋದು ಬೇಕು. ಸಿಗದಿದ್ದರೆ ಮೊದಲ ಸಲ ಬಂದ ಕಡೆ 'ಲೆಕ್ಕದೊಳಗಿನ ಕೊಸರು' ಅಂತ ಬರೆದು, ಆಮೇಲೆ ಬರೀ ಕೊಸರು ಅಂತ ಇಟ್ಟುಕೊಳ್ಳೋಣ ಅಂತಿದ್ದೇನೆ.