ಮಳೆಗೆ ಸೇತುವೆಯ ಕೇಬಲ್ ಯಾಕೆ ಕುಣಿಯುತ್ತೆ?

ಟಿನ್‌ಫ್ಯಾಕ್ಟರಿ_ಪಯಣಿಗ: ಬೆಂಗಳೂರಿನ ಕೆ.ಆರ್. ಪುರದ ಸೇತುವೆಯನ್ನು ಎಲ್ಲರೂ ತೂಗುಸೇತುವೆ ಅಂತಾರೆ, ಆದರೆ ಅದು ಕೇಬಲ್ ಸ್ಟೇಡ್ ಅಲ್ವಾ? ಇಂಥ ಸೇತುವೆಗಳಲ್ಲಿ ಬಿರುಗಾಳಿ ಇಲ್ಲದಿದ್ದರೂ ಮಳೆ ಬಂದಾಗ ಕೇಬಲ್ ಅಲುಗೋದು ಯಾಕೆ?

ಸಿವಿಲ್_ಜಯನಗರ: ಕೇಬಲ್ ಸ್ಟೇಡೇ ಸರ್, ಗೋಪುರದಿಂದ ಕೇಬಲ್ ನೇರ ಡೆಕ್‌ಗೆ (ವಾಹನ ಓಡುವ ಹಾಸಿಗೆ) ಬರುತ್ತೆ. ಕೇಬಲ್‌ಗೆ ಹೊದಿಸಿದ ಓರೆ ಪೈಪಿನ ಮೇಲೆ ಮಳೆನೀರು ಎಳೆಯಾಗಿ ಹರಿದು ಅದರ ದುಂಡು ಆಕಾರ ಕೆಡಿಸುತ್ತೆ. ಆಗ ಸೆಕೆಂಡಿಗೆ 8–15 ಮೀಟರ್ ಗಾಳಿಯೇ ಸಾಕು, ಕೇಬಲ್ ತೂಗಾಡುತ್ತೆ. ಅಮೆರಿಕದ ಹ್ಯೂಸ್ಟನ್ ಹಡಗು ಕಾಲುವೆಯ ಫ್ರೆಡ್ ಹಾರ್ಟ್‌ಮನ್ ಸೇತುವೆಗೂ (1995, ನಡು ಅಂಕಣ 381 ಮೀಟರ್) ಇದೇ ಕಾಟ. ಕೇಬಲ್ ತಕ್ಷಣ ತುಂಡಾಗಲ್ಲ. ಪದೇ ಪದೇ ಬಾಗಿ ಬುಡದ ಆ್ಯಂಕರ್ (ಕೇಬಲ್ ತುದಿ ಬಿಗಿದ ಜಾಗ) ಹತ್ತಿರ ತಂತಿ, ವೆಲ್ಡಿಂಗ್ ದಣಿದು ಬಿರುಕು ಬಿಡುತ್ತೆ. ನಿಜವಾದ ಭಯ ಅದೇ.

ಡ್ಯಾಂಪರ್_ಪ್ರಿಯ: ಹೊಸ ಸೇತುವೆಗಾದರೆ ಸುರುಳಿ ಏಣು ಇರುವ ಪೈಪ್ ಹಾಕಿ, ನೀರಿನ ಎಳೆ ಒಡೆಯುತ್ತೆ. ಹಳೆಯದಕ್ಕೆ ಬುಡದಲ್ಲಿ ಡ್ಯಾಂಪರ್ (ಅಲುಗಾಟ ಹೀರೋ ಸಾಧನ), ಜೊತೆಗೆ ಕೇಬಲ್‌ಗಳನ್ನು ಒಂದಕ್ಕೊಂದು ಬಿಗಿಯುವ ಅಡ್ಡತಂತಿ. ಡ್ಯಾಂಪರ್ ಆ್ಯಂಕರ್‌ಗೆ ತೀರಾ ಹತ್ತಿರ ಕೂತರೆ ಅಲ್ಲಿ ಚಲನೆಯೇ ಇರಲ್ಲ, ಕೆಲಸವೂ ಆಗಲ್ಲ.

ಸಿವಿಲ್_ಜಯನಗರ: ಸರಿಯಾದ ಮಾತು. ಮಳೆಗಾಲ ಮುಗಿದ ಮೇಲೆ ಆ್ಯಂಕರ್ ಮುಚ್ಚಳ ತೆಗೆದು ನೀರು ನಿಂತಿದೆಯಾ, ಗ್ರೀಸ್ ಸೋರಿದೆಯಾ ನೋಡಲೇಬೇಕು.