ಫೋರ್ಕ್‌ಲಿಫ್ಟ್ ಮಗುಚುವಾಗ ಜಿಗಿಯಬೇಕೇ, ಕುಳಿತಿರಬೇಕೇ?

ಉದ್ಯಮಬಾಗ ಸೂಪರ್‌ವೈಸರ್: ನಮ್ಮ ಫೌಂಡ್ರಿಯಲ್ಲಿ 3 ಟನ್ ಹೊರೆ ಎತ್ತುವ ಫೋರ್ಕ್‌ಲಿಫ್ಟ್‌ಗೆ ಸೀಟ್ ಬೆಲ್ಟ್ ಕಡ್ಡಾಯ ಮಾಡಿದ್ದೇವೆ. ಗಾಡಿ ವಾಲಿದರೆ ಹಾರಿಕೊಳ್ಳಲು ಬೆಲ್ಟ್ ಅಡ್ಡಿ ಎಂದು ಹಳೆಯ ಚಾಲಕರು ಪಟ್ಟು ಹಿಡಿದಿದ್ದಾರೆ. ಏನು ಹೇಳಲಿ?

ಮಚ್ಛೆಯ ಚಾಲಕ: ಅವರು ಹೇಳುವುದು ಸರಿ. ಮೇಲಾಗಿ ನಾವು ಓಡಿಸುವುದು ಕಾಂಪೌಂಡಿನ ಒಳಗೆ, ಬೆಲ್ಟ್ ಹಾಕಲು ಇದೇನು ಹೆದ್ದಾರಿಯೇ? ಖಾಲಿ ಗಾಡಿಯಂತೂ ಮಗುಚುವುದೇ ಇಲ್ಲ.

ಹೊನಗಾ ಸುರಕ್ಷತಾ ಅಧಿಕಾರಿ: ಕಾಕಾ, ಖಾಲಿ ಗಾಡಿಯ ಮಾತನ್ನು ದಯವಿಟ್ಟು ಹುಡುಗರಿಗೆ ಹೇಳಬೇಡಿ. ಸಾಮಾನ್ಯವಾಗಿ ಹಿಂದಿನ ಆಕ್ಸಲ್ ನಟ್ಟನಡುವೆ ಪಿನ್ನಿನ ಮೇಲೆ ತೂಗಾಡುತ್ತದೆ. ಚಕ್ರ ನಾಲ್ಕಿದ್ದರೂ ಆಧಾರ ಮೂರೇ: ಮುಂದಿನ ಎರಡು ಚಕ್ರ, ಹಿಂದೆ ಆ ಪಿನ್. ಮೂರನ್ನೂ ಸೇರಿಸಿದರೆ ಒಂದು ತ್ರಿಕೋನ. ಹೊರೆ ಇಲ್ಲದಾಗ ಹಿಂಬದಿಯ ಕಬ್ಬಿಣದ ಭಾರದಿಂದಾಗಿ ಗುರುತ್ವಕೇಂದ್ರ ಆ ಪಿನ್ನಿನತ್ತ, ತ್ರಿಕೋನದ ಕಿರಿದಾದ ತುದಿಯತ್ತ ಸರಿಯುತ್ತದೆ. ಆಗ ವೇಗದಲ್ಲಿ ತಿರುವು ತೆಗೆದುಕೊಂಡರೆ ಗಾಡಿ ಪಕ್ಕಕ್ಕೆ ಬೀಳುತ್ತದೆ. ಜಿಗಿದವನು ಬೀಳುವುದೂ ಅದೇ ಪಕ್ಕಕ್ಕೆ, ತಲೆಯ ಮೇಲಿನ ಕಬ್ಬಿಣದ ಚೌಕಟ್ಟು ಅಪ್ಪಳಿಸುವ ಜಾಗಕ್ಕೇ. ಬೆಲ್ಟ್ ಬಿಗಿದುಕೊಂಡು, ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು, ಕಾಲುಗಳನ್ನು ಒತ್ತಿ ಊರಿ, ಬೀಳುವ ದಿಕ್ಕಿಗೆ ವಿರುದ್ಧವಾಗಿ ಬಾಗಬೇಕು.

ಗೋದಾಮಿನ ಹುಡುಗ: ಆದರೆ ನಮಗೆ ಹಿಂದಕ್ಕೆ ಇಳಿದುಬಿಡಿ ಎಂದು ಕಲಿಸಿದ್ದಾರಲ್ಲ ಸರ್?

ಹೊನಗಾ ಸುರಕ್ಷತಾ ಅಧಿಕಾರಿ: ನಿಮ್ಮದು ನಿಂತು ಓಡಿಸುವ, ಹಿಂಬದಿ ತೆರೆದಿರುವ ಗಾಡಿ ಇರಬೇಕು. ಅದಕ್ಕೆ ಆ ಪಾಠ ಸರಿ. ಕುಳಿತು ಓಡಿಸುವ ಗಾಡಿಗೆ ಅದನ್ನು ಅನ್ವಯಿಸಿದರೆ ಪ್ರಾಣಕ್ಕೆ ಸಂಚಕಾರ.

ಮಚ್ಛೆಯ ಚಾಲಕ: ಪಿನ್ನಿನ ವಿಷಯ ಒಪ್ಪಿದೆ, ಹುಡುಗರಿಗೂ ಹೇಳುತ್ತೇನೆ. ಆದರೆ ನಮ್ಮ ಕಷ್ಟವನ್ನೂ ಕೇಳಿ. ಚೀಟಿ ತೋರಿಸಲು ಇಳಿ, ಪ್ಯಾಲೆಟ್ ಸರಿಸಲು ಇಳಿ, ಲಾರಿ ತಡವಾಯಿತೆಂದು ಬೈಸಿಕೊಳ್ಳುವವನೂ ಚಾಲಕನೇ. ಫೋರ್ಕ್ (ಹೊರೆ ಹೊರುವ ಮುಂದಿನ ಕವಲು) ಎತ್ತಿಕೊಂಡೇ ಓಡಿಸುವುದು, ತಿರುವಿನಲ್ಲಿ ವೇಗ ತಗ್ಗಿಸದಿರುವುದು, ಎಲ್ಲವೂ ಆ ಅವಸರದಿಂದಲೇ. ನೋಟಿಸ್ ಅಂಟಿಸಿದವರು ಅವಸರವನ್ನು ತಗ್ಗಿಸಿದ್ದಾರೆಯೇ?

ಮಹಿಳಾ ಎಂಜಿನಿಯರ್, ಬೆಳಗಾವಿ: ಈ ಮಾತಿಗೆ ನನ್ನ ಬೆಂಬಲವಿದೆ. ಬೆಲ್ಟ್ ಬೇಕೇ ಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಫೋರ್ಕ್ ನೆಲದಿಂದ 15–20 ಸೆಂಟಿಮೀಟರ್ ಮೇಲಿಟ್ಟು ನಿಧಾನವಾಗಿ ಬರುವ ಚಾಲಕನನ್ನು ಗದರಿಸುವ ಕಾರ್ಖಾನೆಯಲ್ಲಿ ಬೆಲ್ಟೊಂದರಿಂದಲೇ ಏನಾದೀತು? ನಡೆದು ಹೋಗುವ ಹೆಲ್ಪರ್‌ಗೆ ಯಾವ ಬೆಲ್ಟ್ ಇದೆ? ತಿರುಗುವಾಗ ಗಾಡಿಯ ಹಿಂಬದಿ ಹೊರಕ್ಕೆ ಬೀಸಿ ಬಡಿಯುವುದು ಅವನಿಗೇ.

ಉದ್ಯಮಬಾಗ ಸೂಪರ್‌ವೈಸರ್: ಬೆಲ್ಟಿನ ನಿಯಮ ಹಾಗೆಯೇ ಉಳಿಯುತ್ತದೆ. ಚೀಟಿ ನೋಡಲು ಬೇರೆಯವರನ್ನು ನಿಲ್ಲಿಸಿ, ಜನ ನಡೆಯುವ ದಾರಿಗೆ ಕಂಬಿ ಹಾಕಿಸಿ ಎಂದು ನಾಳೆಯೇ ಮಾಲೀಕರನ್ನು ಕೇಳುತ್ತೇನೆ.